ಹನ್ನೆರಡು ಇಂಚಿನ ಗ್ಲೋಬು: ದರ್ಜಿಯೊಬ್ಬಳ ಅಳತೆ

ಗ್ಲೋಬಿನ ಸೊಂಟ ಮೂವತ್ತೇಳೂ ಮುಕ್ಕಾಲು ಇಂಚು. ದುಡ್ಡು ಕೊಡುವ ಮೊದಲು ಅಂಗಡಿಯಲ್ಲಿಯೇ ಟೇಪು ಸುತ್ತಿ ನೋಡಿದೆ. ಮೈಸೂರಿನ ಕುವೆಂಪುನಗರದಲ್ಲಿ ಇಪ್ಪತ್ತೆಂಟು ವರ್ಷದಿಂದ ರವಿಕೆ ಹೊಲಿಯುತ್ತಿದ್ದೇನೆ. ಡಬ್ಬದ ಮೇಲೆ ಬರೆದ ಅಳತೆಯನ್ನು ನಂಬಿ ಏನನ್ನೂ ಕೊಂಡವಳಲ್ಲ. ಹನ್ನೆರಡು ಇಂಚಿನ ಗ್ಲೋಬು ಎಂದರೆ ಅಡ್ಡಗಲ ಹನ್ನೆರಡು, ಸುತ್ತಳತೆ ಅದರ ಮೂರು ಪಟ್ಟಿಗಿಂತ ತುಸು ಹೆಚ್ಚು ಬರಬೇಕು. ಬಂತು. ಕೌಂಟರಿನ ಹುಡುಗ ನಗು ತಡೆದುಕೊಂಡು, "ಮೊಮ್ಮಗುವಿಗಾ ಅಮ್ಮ?" ಎಂದು ಕೇಳಿದ. ಮೊಮ್ಮಗು ಇನ್ನೂ ಹುಟ್ಟಿರಲಿಲ್ಲ. ನನಗೇ ಎಂದೆ. 1,450 ರೂಪಾಯಿ ಹೇಳಿದ್ದನ್ನು 1,380ಕ್ಕೆ ಇಳಿಸಿ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದೆ.

ಇದು 2024ರ ಏಪ್ರಿಲ್ ತಿಂಗಳ ಮಾತು. ಮಗಳು ಅಮೆರಿಕದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಸನಿವೇಲ್‌ನಲ್ಲಿದ್ದಾಳೆ, ಮೊದಲ ಹೆರಿಗೆ. ಬಾಣಂತನಕ್ಕೆ ನಾನು ಮೇ ತಿಂಗಳಲ್ಲಿ ಹೊರಡಬೇಕಿತ್ತು. ಅಲ್ಲಿಯವರೆಗೆ ನಾನು ಹೋದ ಅತಿ ದೂರದ ಊರು ತಿರುಪತಿ. ಎಷ್ಟು ದೂರ, ಎಷ್ಟು ಹೊತ್ತು ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಮಗಳು "ಒಂದು ದಿನ ಅಮ್ಮ, ಅಷ್ಟೇ" ಎಂದಳು. ಮಹಡಿಯ ಮನೆಯವರು ಇಪ್ಪತ್ತು ಗಂಟೆ ಎಂದರು. ನಮ್ಮ ಯಜಮಾನರು ಹೊಲಿಗೆ ಯಂತ್ರದ ಡ್ರಾಯರಿನಿಂದ ಹಳೆಯ ಪತ್ರಿಕೆಯ ತುಣುಕೊಂದನ್ನು ಹುಡುಕಿ ತೆಗೆದರು. ಅದನ್ನು ಕತ್ತರಿಸಿ ಇಟ್ಟವಳು ನಾನೇ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಮೊದಲ ಬಾರಿ ಎಲ್ಲಿಯೂ ನಿಲ್ಲದ ವಿಮಾನ ಹಾರಿಸಿತಲ್ಲ, ಆ ಸುದ್ದಿ. ಜೋಯಾ ಅಗರ್ವಾಲ್ ಕ್ಯಾಪ್ಟನ್. ಚಾಲಕರ ಕೋಣೆಯಲ್ಲಿ ಇದ್ದವರೆಲ್ಲ ಹೆಂಗಸರು. ಉತ್ತರ ಧ್ರುವದ ಮೇಲಿನಿಂದ ಬಂದರು. ದೂರ 13,993 ಕಿಲೋಮೀಟರ್. ಹೆಂಗಸರು ಎಂಬ ಕಾರಣಕ್ಕೆ ಕತ್ತರಿಸಿಟ್ಟಿದ್ದೆನೇ ಹೊರತು ದೂರದ ಅಂಕಿಯನ್ನು ಅಂದು ಓದಿಯೂ ಇರಲಿಲ್ಲ. ಈಗ ಓದಿದರೆ ಒಂದೇ ಪ್ರಶ್ನೆ: ಅಮೆರಿಕದಿಂದ ಬೆಂಗಳೂರಿಗೆ ಬರುವವರು ಉತ್ತರ ಧ್ರುವಕ್ಕೆ ಏಕೆ ಹೋದರು?

ಯಜಮಾನರು ಮೊಬೈಲಿನಲ್ಲಿ ಒಂದು ಜಾಲತಾಣ ತೆರೆದರು. ಎರಡು ಊರಿನ ಹೆಸರು ಬರೆದರೆ ನಡುವಿನ ವಿಮಾನದ ದೂರವನ್ನೂ ಸಮಯವನ್ನೂ ಹೇಳುತ್ತದೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ 13,990 ಕಿಲೋಮೀಟರ್ ಚಿಲ್ಲರೆ, 17 ಗಂಟೆ 53 ನಿಮಿಷ ಎಂದಿತು. ದೂರ ಪತ್ರಿಕೆಗೆ ಸರಿಹೋಯಿತು. ಆದರೆ ಆ 53 ನಿಮಿಷದ ಖಚಿತತೆ ನನಗೆ ಹಿಡಿಸಲಿಲ್ಲ. "ಗುರುವಾರ ಸಂಜೆ ಐದೂ ಹದಿಮೂರಕ್ಕೆ ರವಿಕೆ ಕೊಡುತ್ತೇನೆ" ಎನ್ನುವ ದರ್ಜಿಯನ್ನು ನೀವು ನಂಬುತ್ತೀರಾ? ಮೈಸೂರಿನಿಂದ ಎಷ್ಟು ಕೇಳಿ ಎಂದೆ. 14,120 ಚಿಲ್ಲರೆ ಕಿಲೋಮೀಟರ್, 18 ಗಂಟೆ 3 ನಿಮಿಷ. ಅಂದರೆ ಮೈಸೂರಿಗೂ ಬೆಂಗಳೂರಿಗೂ ಹತ್ತು ನಿಮಿಷದ ವ್ಯತ್ಯಾಸ! ಮಂಡಕಳ್ಳಿಯ ನಮ್ಮ ವಿಮಾನ ನಿಲ್ದಾಣದಿಂದ ಸಣ್ಣ ವಿಮಾನಗಳು ಹಾರುವುದನ್ನು ಕಂಡಿದ್ದೇನೆ. ಅಲ್ಲಿಂದ ಅಮೆರಿಕಕ್ಕೆ ಹಾರಿದ್ದನ್ನು ಯಾರೂ ಕಂಡಿಲ್ಲ. ಇನ್ನೂ ನಾಲ್ಕಾರು ಊರುಗಳನ್ನು ಕೊಟ್ಟು ಲೆಕ್ಕ ಹಾಕಿದ ಮೇಲೆ ಯಜಮಾನರಿಗೆ ಅದರ ಗುಟ್ಟು ಸಿಕ್ಕಿತು. ನೇರ ದೂರವನ್ನು ಗಂಟೆಗೆ 805 ಕಿಲೋಮೀಟರಿನಿಂದ, ಎಂದರೆ 500 ಮೈಲಿಯಿಂದ ಭಾಗಿಸಿ, ಏರಿ ಇಳಿಯುವುದಕ್ಕೆಂದು ಅರ್ಧ ಗಂಟೆ ಸೇರಿಸುತ್ತದೆ. ಗಾಳಿ, ವಿಮಾನ, ನಿಲ್ದಾಣ ಯಾವುದೂ ಅದಕ್ಕೆ ಬೇಡ. ಎಲ್ಲರಿಗೂ ಮೂವತ್ತಾರರ ಅಳತೆಯಲ್ಲಿ ಹೊಲಿದಿಟ್ಟ ಸಿದ್ಧ ಉಡುಪು.

ದೂರ ಸರಿ, ದಾರಿ ಯಾವುದು ಎಂಬುದನ್ನು ಆ ಜಾಲತಾಣ ಒಂದು ಚಪ್ಪಟೆ ನಕ್ಷೆಯ ಮೇಲೆ ಬಿಲ್ಲಿನಂತೆ ಬಾಗಿದ ಗೆರೆಯಾಗಿ ತೋರಿಸಿತು. ನೇರ ದೂರ ಎನ್ನುತ್ತಾರೆ, ಗೆರೆ ಬಾಗಿದೆ. ಇದು ನನ್ನ ನಿದ್ದೆ ಕೆಡಿಸಿತು. ನಾನು ಗ್ಲೋಬು ಕೊಂಡದ್ದು ಇದಕ್ಕೆ.

ಈಗ ವಸ್ತುವಿನ ಗುಣಕ್ಕೆ ಬರುತ್ತೇನೆ. ಗಟ್ಟಿ ಪ್ಲಾಸ್ಟಿಕ್ಕಿನ ಚೆಂಡು. ಮೇಲೆ ಅಚ್ಚಾದ ಕಾಗದವನ್ನು ಅಂಟಿಸಿ ಹೊಳಪು ಹಚ್ಚಿದ್ದಾರೆ. ಕಾಗದ ಒಂದೇ ತುಂಡಲ್ಲ. ಬೆಳಕಿಗೆ ಹಿಡಿದು ಎಣಿಸಿದರೆ ಹನ್ನೆರಡು ತುಂಡು. ಒಂದೊಂದೂ ನಡುವೆ ಅಗಲ, ಎರಡು ತುದಿಯಲ್ಲಿ ಚೂಪು, ದೋಣಿಯ ಆಕಾರ. ನೋಡಿದ ತಕ್ಷಣ ನಗು ಬಂತು. ಆರು ತುಂಡಿನ ಒಳಲಂಗವನ್ನು ಕತ್ತರಿಸುವವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಚಪ್ಪಟೆ ಬಟ್ಟೆಯನ್ನು ಉಬ್ಬಿದ ಮೈಗೆ ಕೂರಿಸಬೇಕಾದರೆ ಒಂದೋ ತುಂಡು ಮಾಡಿ ಕೂಡಿಸಬೇಕು, ಇಲ್ಲವೇ ಡಾಟ್ ಹಿಡಿಯಬೇಕು, ಎಂದರೆ ಬಟ್ಟೆಯನ್ನು ಚೂಪಾಗಿ ಮಡಿಸಿ ಹೊಲಿಯಬೇಕು. ಬೇರೆ ದಾರಿ ಇಲ್ಲ. ಡಾಟ್ ಹಿಡಿದ ರವಿಕೆಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಹರಡಿ ನೋಡಿ, ಹರಡುವುದಿಲ್ಲ. ಹರಡಲೇಬೇಕೆಂದರೆ ಹೊಲಿಗೆ ಬಿಚ್ಚಬೇಕು ಅಥವಾ ಬಟ್ಟೆಯನ್ನು ಎಳೆದು ಹಿಗ್ಗಿಸಬೇಕು. ನಾನು ಕಲಿತ ಶಾಲೆಯ ಗೋಡೆಯ ನಕ್ಷೆ ಎರಡನೆಯದನ್ನು ಮಾಡಿತ್ತು. 1569ರಲ್ಲಿ ಮರ್ಕೇಟರ್ ಎಂಬಾತ ಹಡಗಿನವರ ಅನುಕೂಲಕ್ಕೆಂದು ಬರೆದ ಬಗೆ ಅದು ಎಂದು ಆಮೇಲೆ ಅಳಿಯ ಹೇಳಿದ. ದಿಕ್ಕು ಕೆಡದಿರಲಿ ಎಂದು ಆತ ಮೇಲಿನ ದೇಶಗಳನ್ನೆಲ್ಲ ಹಿಗ್ಗಿಸಿಬಿಟ್ಟ. ಆ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡು ಆಫ್ರಿಕಾದಷ್ಟೇ ದೊಡ್ಡದು. ನಿಜದಲ್ಲಿ ಆಫ್ರಿಕಾ ಅದರ ಹದಿನಾಲ್ಕು ಪಟ್ಟು. ಗ್ಲೋಬಿನ ಮೇಲೆ ಗೇಣು ಹಾಕಿದರೆ ಆ ಸುಳ್ಳು ತಾನಾಗಿ ಬಯಲಾಗುತ್ತದೆ.

ಅಳತೆಗೆ ನೈಲಾನ್ ದಾರ ಬೇಡ, ಎಳೆದರೆ ಹಿಗ್ಗುತ್ತದೆ. ಹತ್ತಿಯ ಕೆಂಪು ದಾರ ತೆಗೆದುಕೊಂಡೆ. ಭೂಮಿಯ ನಡುವಿನ ಸುತ್ತಳತೆ 40,075 ಕಿಲೋಮೀಟರ್. ಅದನ್ನು ಮೂವತ್ತೇಳೂ ಮುಕ್ಕಾಲಿನಿಂದ ಭಾಗಿಸಿದರೆ ಒಂದು ಇಂಚಿಗೆ 1,062 ಕಿಲೋಮೀಟರ್. ಇಷ್ಟು ತಿಳಿದರೆ ಸಾಕು, ಟೇಪು ಇದ್ದವರಿಗೆ ಭೂಮಿ ಕೈಗೆ ಸಿಕ್ಕಂತೆ. ಯಜಮಾನರನ್ನು ಕರೆದು ಬೆಂಗಳೂರನ್ನು ಹಿಡಿದುಕೊಳ್ಳಿ ಎಂದೆ. ಅವರ ಹೆಬ್ಬೆರಳ ಕೆಳಗೆ ಕೇರಳ, ತಮಿಳುನಾಡು, ಅರ್ಧ ಆಂಧ್ರ ಎಲ್ಲವೂ ಮುಚ್ಚಿಹೋದವು. ಉಗುರಿನ ತುದಿಯಿಂದ ಹಿಡಿಯಿರಿ ಎಂದು ಗದರಬೇಕಾಯಿತು.

ಮೊದಲು ಗೋಡೆಯ ನಕ್ಷೆಯ ನೆನಪಿನಂತೆಯೇ ದಾರವನ್ನು ಪಶ್ಚಿಮಕ್ಕೆ ಇಟ್ಟೆ. ಅರಬ್ಬೀ ಸಮುದ್ರ, ಆಫ್ರಿಕಾ, ಅಟ್ಲಾಂಟಿಕ್, ಇಡೀ ಅಮೆರಿಕ ದಾಟಿ ಸ್ಯಾನ್ ಫ್ರಾನ್ಸಿಸ್ಕೋ. ಹತ್ತೊಂಬತ್ತು ಇಂಚು. ಆಮೇಲೆ ದಾರದ ಎರಡು ತುದಿಯನ್ನು ಹಿಡಿದು ಮೆಲ್ಲಗೆ ಬಿಗಿಮಾಡಿದೆ. ದಾರ ನಿಂತಲ್ಲಿ ನಿಲ್ಲಲಿಲ್ಲ. ಆಫ್ರಿಕಾವನ್ನು ಬಿಟ್ಟು ಯುರೋಪಿನ ಮೇಲೆ ಜಾರಿತು. ಇನ್ನೂ ಎಳೆದರೆ ಧ್ರುವದ ಕಡೆ. ಕೊನೆಗೆ ಧ್ರುವವನ್ನೂ ದಾಟಿ ಆಚೆ ಮಗ್ಗುಲಿಗೆ ಹೋಗಿ ನಿಂತಿತು. ಉತ್ತರ ಪ್ರದೇಶ, ನೇಪಾಳ, ಟಿಬೆಟ್ಟು, ಮಂಗೋಲಿಯದ ಪಡುವಣ ಅಂಚು, ಸೈಬೀರಿಯಾ, ಅದರ ನೆತ್ತಿಯ ಹಿಮಸಮುದ್ರ, ಅಲಾಸ್ಕಾ, ಅಲ್ಲಿಂದ ಕರಾವಳಿಯ ಪಕ್ಕದಲ್ಲೇ ಕೆಳಗೆ ಸ್ಯಾನ್ ಫ್ರಾನ್ಸಿಸ್ಕೋ. ಟೇಪು ಹಾಕಿದರೆ ಹದಿಮೂರೂ ಕಾಲು ಇಂಚು. ಲೆಕ್ಕಕ್ಕೆ 14,070 ಕಿಲೋಮೀಟರ್. ಪತ್ರಿಕೆಯ ಅಂಕಿಗೂ ನನ್ನ ದಾರಕ್ಕೂ ಎಂಬತ್ತು ಕಿಲೋಮೀಟರ್ ಕೂಡ ವ್ಯತ್ಯಾಸವಿಲ್ಲ! ಆರು ಇಂಚು ಉಳಿತಾಯವಾದ ದಾರ ಕೈಯಲ್ಲಿ ಜೋತಾಡುತ್ತಿತ್ತು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮಗಳು ಪಶ್ಚಿಮಕ್ಕೆ ಹೋಗಿದ್ದಾಳೆ ಎಂದು ಆರು ವರ್ಷದಿಂದ ಅಂದುಕೊಂಡಿದ್ದೆವು. ಅವಳು ಇದ್ದದ್ದು ಉತ್ತರಕ್ಕೆ, ಹಿಮಾಲಯದ ಹಿಂದೆ.

ಹಾಗಾದರೆ ಆ ಹೆಂಗಸರ ವಿಮಾನ ಧ್ರುವದ ಮೇಲಿನಿಂದ ಬಂದದ್ದೇಕೆ? ದಾರವನ್ನು ಧ್ರುವದ ಮೇಲೆ ಹಾಯಿಸಿಯೂ ಅಳೆದೆ. ಹದಿಮೂರೂವರೆ ಬಂತು. ಕಾಲು ಇಂಚು ಹೆಚ್ಚು, ಅಷ್ಟೇ. ಇಷ್ಟು ಕಡಿಮೆ ವ್ಯತ್ಯಾಸ ಇರುವಾಗ ಗಾಳಿಯೇ ದಾರಿಯನ್ನು ಆರಿಸುತ್ತದೆ ಎಂದು ಅಳಿಯ ಬಿಡಿಸಿ ಹೇಳಿದ. ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಹೊಳೆಗಳಿವೆ. ಚಳಿಗಾಲದಲ್ಲಿ ಅವುಗಳ ವೇಗ ಗಂಟೆಗೆ 200 ಕಿಲೋಮೀಟರ್ ದಾಟುವುದುಂಟು. ಎದುರಿಗೆ ಸಿಕ್ಕರೆ ವಿಮಾನ ತೆವಳುತ್ತದೆ, ಬೆನ್ನಿಗೆ ಸಿಕ್ಕರೆ ಓಡುತ್ತದೆ. ಇನ್ನು ಬಿಗಿದ ದಾರ ಹಾದುಹೋಗುವ ಟಿಬೆಟ್ಟಿನ ಮೇಲೆ ಪ್ರಯಾಣಿಕರ ವಿಮಾನಗಳು ಸಾಮಾನ್ಯವಾಗಿ ಹೋಗುವುದೇ ಇಲ್ಲವಂತೆ. ಒಳಗಿನ ಗಾಳಿಯ ಒತ್ತಡ ಕುಸಿದರೆ ಉಸಿರಾಡಲು ತಗ್ಗಿಗೆ ಇಳಿಯಬೇಕು, ಅಲ್ಲಿ ನೆಲವೇ ನಾಲ್ಕೈದು ಸಾವಿರ ಮೀಟರ್ ಎತ್ತರದಲ್ಲಿದೆ. ಇಳಿಯುವುದೆಲ್ಲಿಗೆ? ದಾರಕ್ಕೆ ಉಸಿರಾಟದ ಚಿಂತೆ ಇಲ್ಲ, ವೀಸಾದ ಚಿಂತೆ ಇಲ್ಲ, ಯುದ್ಧದ ಚಿಂತೆಯೂ ಇಲ್ಲ. 2022ರ ಫೆಬ್ರವರಿಯ ಮೇಲೆ ರಷ್ಯದ ಆಕಾಶ ಅಮೆರಿಕ, ಯುರೋಪಿನ ವಿಮಾನಗಳಿಗೆ ಮುಚ್ಚಿಹೋಯಿತು. ಅವು ಸುತ್ತಿ ಬಳಸಿ ಹೋಗುತ್ತವೆ. ನನ್ನ ಗ್ಲೋಬಿನ ಮೇಲೆ ರಷ್ಯ ಮಾಮೂಲಿನಂತೆ ತಿಳಿ ಹಸಿರಾಗಿ ತೆರೆದುಕೊಂಡು ಮಲಗಿದೆ.

ನನಗೆ ಮಗಳು ಕಾದಿರಿಸಿದ್ದು ನಿಲ್ಲದೆ ಹೋಗುವ ವಿಮಾನವಲ್ಲ. ಪೆಡಲ್ ತುಳಿದೂ ತುಳಿದೂ ನನ್ನ ಮಂಡಿ ಸವೆದಿದೆ. ನಡುವೆ ಒಮ್ಮೆ ಇಳಿದು ನಡೆಯುವುದು ಒಳ್ಳೆಯದೆಂದು ವೈದ್ಯರು ಹೇಳಿದ್ದರು. ಆದ್ದರಿಂದ ದುಬೈ ಮೇಲೆ. ಬೆಂಗಳೂರು–ದುಬೈ ಎರಡೂವರೆ ಇಂಚು. ಇನ್ನು ದುಬೈ–ಸ್ಯಾನ್ ಫ್ರಾನ್ಸಿಸ್ಕೋ ದಾರ ಹಿಡಿದಾಗ ಈ ಗ್ಲೋಬಿನ ದೊಡ್ಡ ದೋಷ ಗೊತ್ತಾಯಿತು.

ನೆತ್ತಿಯ ಮೇಲೆ ಎರಡು ಇಂಚು ಅಗಲದ ಒಂದು ಪ್ಲಾಸ್ಟಿಕ್ ಬಿಲ್ಲೆ ಇದೆ. ಅದರ ಮೇಲೆ ಇಪ್ಪತ್ತನಾಲ್ಕು ಗಂಟೆಗಳ ಗುರುತು. ತಿರುಗಿಸಿದರೆ ಇಲ್ಲಿ ಇಷ್ಟು ಗಂಟೆ ಆದಾಗ ಅಲ್ಲಿ ಎಷ್ಟು ಎಂದು ಹೇಳುತ್ತದೆ. ಒಳ್ಳೆಯ ಯೋಚನೆಯೇ. ಆದರೆ ಅದರ ಕೆಳಗೆ ಉತ್ತರ ಧ್ರುವದ ಸುತ್ತ ಸಾವಿರ ಕಿಲೋಮೀಟರ್ ಜಾಗ ಮುಚ್ಚಿಹೋಗಿದೆ. ಧ್ರುವದಲ್ಲಿ ಯಾರಿಗೇನು ಕೆಲಸ ಎಂದು ಮಾಡಿದವರು ಅಂದುಕೊಂಡಿರಬೇಕು. ದುಬೈ ಇರುವುದು ಪೂರ್ವಕ್ಕೆ 55 ಡಿಗ್ರಿಯಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಪಶ್ಚಿಮಕ್ಕೆ 122 ಡಿಗ್ರಿಯಲ್ಲಿ. ಎರಡೂ ಕೂಡಿದರೆ 177. ಇನ್ನು ಮೂರು ಡಿಗ್ರಿ ಸೇರಿದ್ದರೆ ಎರಡು ಊರುಗಳೂ ಭೂಮಿಯ ನೆತ್ತಿಗೆ ಆಚೆ ಈಚೆ ನೇರ ಎದುರುಬದುರು. ಹಾಗಾಗಿ ಅವುಗಳ ನಡುವೆ ಬಿಗಿದ ದಾರ ಧ್ರುವದಿಂದ ಇನ್ನೂರು ಕಿಲೋಮೀಟರ್ ಆಸುಪಾಸಿನಲ್ಲಿ ಹಾಯುತ್ತದೆ, ಗ್ಲೋಬಿನ ಮೇಲೆ ಅರ್ಧ ಸೆಂಟಿಮೀಟರ್. ನನ್ನ ದಾರ ಈ ಬಿಲ್ಲೆಗೆ ಬಂದು ಬಡಿಯಿತು. ಹತ್ತಿಸಿದರೆ ಅಳತೆ ಹೆಚ್ಚು ಬರುತ್ತದೆ, ಪಕ್ಕಕ್ಕೆ ಸರಿಸಿದರೆ ದಾರಿ ತಪ್ಪುತ್ತದೆ. ಹತ್ತು ನಿಮಿಷ ಪಟ್ಟು ಹಿಡಿದು, ಸ್ಕ್ರೂಡ್ರೈವರಿನಿಂದ ಬಿಲ್ಲೆಯನ್ನೇ ಕಳಚಿದೆ. ಕೆಳಗೆ ಇನ್ನೊಂದು ನಟ್ಟು. ಅದಕ್ಕೆ ಒರಗಿಕೊಂಡು ದಾರ ಹಾಯಿತು. ಹನ್ನೆರಡೂ ಕಾಲು ಇಂಚು, 13,005 ಕಿಲೋಮೀಟರ್.

ಒಟ್ಟು ಹದಿನಾಲ್ಕೂ ಮುಕ್ಕಾಲು. ನೇರ ದಾರಿಗಿಂತ ಒಂದೂವರೆ ಇಂಚು ಹೆಚ್ಚು. ಮಂಡಿಗಾಗಿ ಕೊಟ್ಟ ಬಟ್ಟೆ ಎಂದುಕೊಂಡೆ. ದಾರವನ್ನು ಅಷ್ಟಕ್ಕೆ ಕತ್ತರಿಸಿ, ದುಬೈ ಬರುವ ಕಡೆ ಒಂದು ಗಂಟು ಹಾಕಿ, ಪರ್ಸಿನಲ್ಲಿ ಪಾಸ್‌ಪೋರ್ಟಿನ ಜೊತೆ ಇಟ್ಟುಕೊಂಡೆ.

ಹೊರಟ ದಿನದ ಲೆಕ್ಕವನ್ನು ನಾನು ಗಿರಾಕಿಗಳ ಅಳತೆ ಬರೆಯುವ ಪುಸ್ತಕದಲ್ಲಿಯೇ ಬರೆದಿದ್ದೇನೆ, ಎದೆ ಸೊಂಟ ತೋಳುಗಳ ನಡುವೆ. ರಾತ್ರಿ ಎಂಟಕ್ಕೆ ಮನೆ ಬಿಟ್ಟೆ. ಎಂಟೂವರೆಗೆ ವಿಮಾನ ನಿಲ್ದಾಣಕ್ಕೆ ಹೋಗುವ ಫ್ಲೈಬಸ್. ಬಸ್ಸು ಚೆನ್ನಾಗಿತ್ತು, ಕಾಲು ಚಾಚಬಹುದಿತ್ತು. ಒಂದು ಗಂಟೆಗೆ ದೇವನಹಳ್ಳಿ. ವಿಮಾನ ಬೆಳಗಿನ ನಾಲ್ಕೂವರೆಗೆ. ನಾಲ್ಕು ಗಂಟೆಯ ಹಾರಾಟ. ಆದರೆ ದುಬೈನಲ್ಲಿ ಇಳಿದಾಗ ಅಲ್ಲಿಯ ಗಡಿಯಾರ ಏಳು ಎನ್ನುತ್ತಿತ್ತು, ನನ್ನದು ಎಂಟೂವರೆ. ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ಎರಡನೆಯ ವಿಮಾನ ಹೊರಟಿತು. ಎದುರಿನ ತೆರೆಯ ಮೇಲೆ ಇನ್ನೂ ಹೋಗಬೇಕಾದ ದೂರ 13,000ದ ಮೇಲೆ ಚಿಲ್ಲರೆ ಎಂದು ಬಂದಾಗ ಪರ್ಸಿನಿಂದ ದಾರ ತೆಗೆದು ನೋಡಿಕೊಂಡೆ. ಪಕ್ಕದ ಹುಡುಗಿ ಅದನ್ನು ದೇವಸ್ಥಾನದ ದಾರ ಎಂದು ತಿಳಿದು ಕೈ ಮುಗಿದಳು. ನಾನೂ ತಿದ್ದಲಿಲ್ಲ.

ಇರಾನ್, ಕ್ಯಾಸ್ಪಿಯನ್ ಸಮುದ್ರ, ರಷ್ಯ. ಏಳೆಂಟು ಗಂಟೆಯ ಮೇಲೆ ತೆರೆಯ ಮೇಲಿನ ಪುಟ್ಟ ವಿಮಾನ ಭೂಮಿಯ ನೆತ್ತಿಯ ಹತ್ತಿರ ಬಂತು. ಕಿಟಕಿಗಳನ್ನೆಲ್ಲ ಮುಚ್ಚಿಸಿದ್ದರು, ಜನ ಮಲಗಿದ್ದರು. ಮಂಡಿ ಬಿಡಿಸುವ ನೆಪದಲ್ಲಿ ಹಿಂದಿನ ಬಾಗಿಲಿನವರೆಗೆ ನಡೆದು ಅಲ್ಲಿಯ ಸಣ್ಣ ಕಿಟಕಿಯಿಂದ ಬಗ್ಗಿ ನೋಡಿದೆ. ಮೇ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದಿಲ್ಲ. ಕೆಳಗೆ ಕಣ್ಣು ಹಾಯುವವರೆಗೂ ಬಿಳುಪು. ಒಗೆದು ಇಸ್ತ್ರಿ ಮಾಡದೆ ಹರವಿದ ಮಲ್ ಬಟ್ಟೆಯ ಮೇಲೆ ಮಡಿಕೆ ಬಿದ್ದಂತೆ ಅಲ್ಲಲ್ಲಿ ಕಪ್ಪು ಬಿರುಕು. ನನ್ನ ಬಿಲ್ಲೆಯ ಕೆಳಗೆ ಇದೆಲ್ಲ ಇತ್ತಲ್ಲ ಎಂದು ಅನ್ನಿಸಿತು. ಗಗನಸಖಿಯೊಬ್ಬಳು ಬಂದು ನೀರು ಬೇಕೇ ಎಂದು ಕೇಳಿದಳು. ಹೂಂ ಎಂದೆ, ನೀರು ತರಲು ಅವಳು ಹೋದಷ್ಟು ಹೊತ್ತು ಇನ್ನೂ ನೋಡಬಹುದಿತ್ತು.

ಆಮೇಲೆ ಕೆನಡಾ. ಅದು ಮುಗಿಯುವುದೇ ಇಲ್ಲ.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿದಾಗ ಅಲ್ಲಿ ಅದೇ ದಿನ ಮಧ್ಯಾಹ್ನ ಒಂದೂ ನಲವತ್ತು. ಹಾರಾಟ ಹದಿನೈದು ಗಂಟೆ ಐವತ್ತು ನಿಮಿಷ. ಈ ವಿಷಯದಲ್ಲಿ ಆ ಜಾಲತಾಣಕ್ಕೆ ನ್ಯಾಯ ಸಲ್ಲಿಸಬೇಕು. ಅದರ ಲೆಕ್ಕದಂತೆ ದುಬೈ–ಸ್ಯಾನ್ ಫ್ರಾನ್ಸಿಸ್ಕೋ 16 ಗಂಟೆ 40 ನಿಮಿಷ ಆಗಬೇಕಿತ್ತು, ಐವತ್ತು ನಿಮಿಷ ಮೊದಲೇ ಬಂದೆವು. ಬೆಂಗಳೂರು–ದುಬೈ ಹತ್ತು ನಿಮಿಷದೊಳಗೆ ಸರಿಹೋಯಿತು. ಮೂವತ್ತಾರರ ಸಿದ್ಧ ಉಡುಪು ಕೆಲವರಿಗೆ ಸರಿಯಾಗಿಯೇ ಕೂರುತ್ತದೆ, ಇಲ್ಲವೆನ್ನುವುದಿಲ್ಲ.

ಆದರೆ ವಲಸೆ ಅಧಿಕಾರಿಗಳ ಸಾಲಿನಲ್ಲಿ ಒಂದೂವರೆ ಗಂಟೆ, ಕಾರಿನಲ್ಲಿ ಸುಮಾರು ನಲವತ್ತೈದು ಕಿಲೋಮೀಟರ್. ಮಗಳ ಮನೆಯ ಹೊಸ್ತಿಲು ತುಳಿದಾಗ ಸಂಜೆ ನಾಲ್ಕೂ ಕಾಲು. ಮೈಸೂರಿನಲ್ಲಿ ಮೂರನೆಯ ದಿನದ ಬೆಳಗಿನ ಜಾವ ನಾಲ್ಕೂ ಮುಕ್ಕಾಲು. ಒಟ್ಟು ಮೂವತ್ತೆರಡೂ ಮುಕ್ಕಾಲು ಗಂಟೆ. ಅದರಲ್ಲಿ ಆಕಾಶದಲ್ಲಿದ್ದದ್ದು ಇಪ್ಪತ್ತಕ್ಕೆ ಹತ್ತು ನಿಮಿಷ ಕಡಿಮೆ. ಉಳಿದ ಹದಿಮೂರು ಗಂಟೆ ನೆಲದ ಮೇಲೆ. ನೆಲದ ಮೇಲೆ ಹೋದ ದೂರವಾದರೂ ಎಷ್ಟು? ಮೈಸೂರಿನಿಂದ ದೇವನಹಳ್ಳಿಗೆ ನೂರ ಎಂಬತ್ತು, ಆ ಕಡೆ ನಲವತ್ತೈದು. ಗ್ಲೋಬಿನ ಮೇಲೆ ಇಟ್ಟರೆ ಕಾಲು ಇಂಚೂ ಆಗುವುದಿಲ್ಲ. ಹದಿನಾಲ್ಕೂ ಮುಕ್ಕಾಲು ಇಂಚಿಗೆ ಇಪ್ಪತ್ತು ಗಂಟೆ, ಕಾಲು ಇಂಚಿಗೆ ಹದಿಮೂರು ಗಂಟೆ! ನನ್ನ ಕಸುಬಿನಲ್ಲಿಯೂ ಹೀಗೆಯೇ. ರವಿಕೆ ಕತ್ತರಿಸಿ ಯಂತ್ರದಲ್ಲಿ ಹೊಲಿಯುವುದಕ್ಕೆ ಎರಡು ಗಂಟೆ. ಹುಕ್ಕು, ಕಾಜಾ, ಹೆಮ್ಮಿಂಗು, ಪೈಪಿಂಗಿಗೆ ಬಣ್ಣ ಹೊಂದುವ ಬಟ್ಟೆ ಹುಡುಕುವುದು ಎಂದು ನಾಲ್ಕು ದಿನ. "ಎರಡು ಗಂಟೆಯ ಕೆಲಸಕ್ಕೆ ಒಂದು ವಾರವೇ?" ಎನ್ನುವ ಗಿರಾಕಿಗೆ ಇನ್ನು ಮುಂದೆ ಗ್ಲೋಬು ತೋರಿಸುತ್ತೇನೆ.

ಗಂಟೆಯ ಬಿಲ್ಲೆಯ ಬಗ್ಗೆ ಇನ್ನೊಂದು ಮಾತು. ಅದನ್ನು ಕಳಚುವ ಮೊದಲು ಒಮ್ಮೆ ತಿರುಗಿಸಿ ನೋಡಿದ್ದೆ. ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ಹದಿಮೂರು ಗಂಟೆ ಚಿಲ್ಲರೆ ಅಂತರ ಎಂದಿತ್ತು. ಹದಿನೈದು ಡಿಗ್ರಿಗೆ ಒಂದು ಗಂಟೆಯ ಲೆಕ್ಕದಲ್ಲಿ ಅದು ಸೂರ್ಯನ ಸಮಯ, ತಪ್ಪಲ್ಲ. ಆದರೆ ಅಲ್ಲಿಯ ಜನ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಹಾಗಾಗಿ ಬೇಸಿಗೆಯಲ್ಲಿ ಅಂತರ ಹನ್ನೆರಡೂವರೆ, ಚಳಿಗಾಲದಲ್ಲಿ ಹದಿಮೂರೂವರೆ. ಬಿಲ್ಲೆ ಹೇಳುವ ಸಮಯ ವರ್ಷದಲ್ಲಿ ಒಂದು ದಿನವೂ ಯಾರ ಗೋಡೆಯ ಮೇಲೂ ಇರುವುದಿಲ್ಲ. ನಾನು ಕೈಗಡಿಯಾರದ ಮುಳ್ಳನ್ನು ತಿರುಗಿಸಲೇ ಇಲ್ಲ. ಅರ್ಧ ಗಂಟೆ ಕಳೆದು, ಹಗಲನ್ನು ರಾತ್ರಿ ಎಂದುಕೊಂಡರೆ ಆಯಿತು. ಇಲ್ಲಿ ರಾತ್ರಿ ಒಂಬತ್ತೂವರೆ, ಅಲ್ಲಿ ಬೆಳಿಗ್ಗೆ ಒಂಬತ್ತು. ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವ ಹೊತ್ತಿಗೆ ಸರಿಯಾಗಿ ಯಜಮಾನರು ಊಟ ಮುಗಿಸಿ ಫೋನು ಮಾಡುತ್ತಿದ್ದರು. ಸಾರು ಏನು ಮಾಡಿಕೊಂಡಿರಿ ಎಂದರೆ ದಿನವೂ ಒಂದೇ ಉತ್ತರ, "ತಿಳಿಸಾರು".

ಅಕ್ಟೋಬರಿನಲ್ಲಿ ಮರಳಿ ಬಂದೆ. ಬರುವಾಗಲೂ ಹಾರಾಟಕ್ಕೆ ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಿಡಿಯಿತು. ಗಾಳಿ ಬೆನ್ನಿಗೆ ಬರುವುದಿಲ್ಲವೇ ಎಂದು ಅಳಿಯನನ್ನು ಕೇಳಿದ್ದೆ. ಪೂರ್ವಕ್ಕೋ ಪಶ್ಚಿಮಕ್ಕೋ ಹೋಗುವವರಿಗೆ ಆ ಲಾಭ ನಷ್ಟ, ನೀವು ಹೋಗುವುದು ಮೊದಲು ಉತ್ತರಕ್ಕೆ, ಆಮೇಲೆ ದಕ್ಷಿಣಕ್ಕೆ ಅತ್ತೆ ಎಂದ. ಸ್ಯಾನ್ ಫ್ರಾನ್ಸಿಸ್ಕೋದಿಂದ ಟೋಕಿಯೋಗೆ ಹೋಗುವುದಕ್ಕೆ ಸುಮಾರು ಹನ್ನೊಂದು ಗಂಟೆಯಾದರೆ ಬರುವುದಕ್ಕೆ ಒಂದೂವರೆ ಗಂಟೆ ಕಡಿಮೆ ಸಾಕಂತೆ. ದೂರ ಅದೇ, ದಾರ ಅದೇ.

ಇನ್ನುಳಿದ ಕುಂದುಗಳನ್ನು ಹೇಳಿಬಿಡುತ್ತೇನೆ. ಹನ್ನೆರಡು ತುಂಡುಗಳನ್ನು ಕೂಡಿಸಿರುವಲ್ಲಿ ಕೆಲಸ ಒರಟು. ಚೌಕಳಿ ಬಟ್ಟೆಯನ್ನು ಹೊಲಿಯುವಾಗ ಗೆರೆಗೆ ಗೆರೆ ಕೂಡಿಸದವರನ್ನು ನಾನು ದರ್ಜಿ ಎನ್ನುವುದಿಲ್ಲ. ಇಲ್ಲಿ ಸೈಬೀರಿಯಾದ ಒಂದು ನದಿ ಕೂಡಿಕೆಯಲ್ಲಿ ಕಡಿದು ಒಂದು ಮಿಲಿಮೀಟರ್ ಪಕ್ಕದಿಂದ ಮತ್ತೆ ಶುರುವಾಗುತ್ತದೆ. ಒಂದು ಮಿಲಿಮೀಟರ್ ಎಂದರೆ ನಲವತ್ತೆರಡು ಕಿಲೋಮೀಟರ್. ಒಂದು ನದಿ ಅಷ್ಟು ದೂರ ಹಾರುವುದು ಸಣ್ಣ ಮಾತೇ? ಹೆಸರುಗಳೆಲ್ಲ ಇಂಗ್ಲಿಷಿನಲ್ಲಿ, ಬೆಂಗಳೂರು ಇನ್ನೂ ಬ್ಯಾಂಗಲೋರೇ. ಮೈಸೂರು ಇಲ್ಲವೇ ಇಲ್ಲ. ಸೀಮೆಸುಣ್ಣದಿಂದ ಚುಕ್ಕೆ ಇಟ್ಟರೆ ಹೊಳಪಿನ ಮೇಲೆ ನಿಲ್ಲುವುದಿಲ್ಲ, ಒಂದು ಬಿಂದಿ ಅಂಟಿಸಿದ್ದೇನೆ. ಚೆಂಡನ್ನು ಹಿಡಿದಿರುವ ಕಮಾನು ತೀರಾ ಒತ್ತಾಗಿ ಕೂತಿದೆ. ದಾರ ತೂರಿಸುವುದಕ್ಕೆ ಮಣಿ ಪೋಣಿಸುವ ಸೂಜಿ ಬೇಕಾಯಿತು. ತಿರುಗಿಸಿದರೆ ಎಣ್ಣೆ ಕಾಣದ ಯಂತ್ರದ ಹಾಗೆ ಕಿರುಗುಡುತ್ತಿತ್ತು, ಹೊಲಿಗೆ ಯಂತ್ರದ ಎಣ್ಣೆಯನ್ನೇ ಎರಡು ತೊಟ್ಟು ಬಿಟ್ಟ ಮೇಲೆ ನಿಂತಿತು. ಇದಕ್ಕಿಂತ ಚಿಕ್ಕದಾದ ಎಂಟು ಇಂಚಿನದನ್ನು ಕೊಳ್ಳಬೇಡಿ. ಅದರಲ್ಲಿ ಟೇಪಿನ ಅತಿ ಸಣ್ಣ ಗೆರೆ, ಇಂಚಿನ ಎಂಟನೆಯ ಒಂದು ಭಾಗ, ಇನ್ನೂರು ಕಿಲೋಮೀಟರ್ ಆಗುತ್ತದೆ. ಹನ್ನೆರಡರಲ್ಲಿ ನೂರ ಮೂವತ್ತಮೂರು. ಬರೀ ದೂರ ಬೇಕಿದ್ದವರಿಗೆ ಮೊಬೈಲು ಸಾಕು, ಬಿಟ್ಟಿ. ಬಿಗಿದ ದಾರ ಕೈಯ ಕೆಳಗೆ ಜಾರಿ ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳುವುದನ್ನು ನೋಡಬೇಕಿದ್ದರೆ 1,380 ರೂಪಾಯಿ ಹೆಚ್ಚಲ್ಲ.

ಈಗ ಗ್ಲೋಬು ಅಂಗಡಿಯಲ್ಲಿ, ಫಾಲ್ಸ್ ಹೊಂದಿಸುವ ಮೇಜಿನ ಮೇಲಿದೆ. ಕುವೆಂಪುನಗರದಲ್ಲಿ ಮಕ್ಕಳು ಹೊರದೇಶದಲ್ಲಿಲ್ಲದ ಮನೆ ಕಡಿಮೆ. ಅಳತೆ ಕೊಡಲು ಬಂದವರೆಲ್ಲ ಇನ್ನೊಂದು ಅಳತೆಯನ್ನೂ ತೆಗೆಸಿಕೊಳ್ಳುತ್ತಾರೆ. ಮೆಲ್ಬರ್ನ್ ಎಂಟೂವರೆ ಇಂಚು. ನ್ಯೂಯಾರ್ಕ್ ಹನ್ನೆರಡೂವರೆ. ಹೋದ ವಾರ ಶಾರದಾದೇವಿನಗರದವರೊಬ್ಬರು ಬಂದಿದ್ದರು, ಮಗ ಡಾಲಸ್‌ನಲ್ಲಿದ್ದಾನೆ. "ನಿಮ್ಮ ಮಗಳು ಆ ಕಡೆಯ ತುದಿಯಲ್ಲಿದ್ದಾಳೆ ಅಕ್ಕ, ನಮ್ಮವನು ಈ ಕಡೆಗೇ, ನಮಗೆ ಹತ್ತಿರ" ಎಂದರು. ಗೋಡೆಯ ನಕ್ಷೆಯಲ್ಲಿ ಹಾಗೆಯೇ ಕಾಣುವುದು. ನಾನು ಮಾತಾಡದೆ ದಾರ ಕೊಟ್ಟೆ. ಬೆಂಗಳೂರಿನಿಂದ ಡಾಲಸ್‌ಗೆ ಧ್ರುವದ ಪಕ್ಕದಲ್ಲೇ ಹಾದು ಹದಿನಾಲ್ಕು ಇಂಚು. ನನ್ನ ಮಗಳಿಗಿಂತ ಮುಕ್ಕಾಲು ಇಂಚು ಹೆಚ್ಚು.

ಅವರು ದಾರವನ್ನು ಮೇಲೆ ಕೆಳಗೆ ನೋಡಿದರು. ನನ್ನ ಟೇಪು ಹಳೆಯದಾಗಿ ಹಿಗ್ಗಿರಬೇಕು ಎಂದರು. ಹೊಸ ಟೇಪು ತೆಗೆದುಕೊಟ್ಟೆ. ತಾವೇ ಅಳೆದರು. ಹದಿನಾಲ್ಕೇ ಬಂತು. ರವಿಕೆಯ ತೋಳು ಮುಕ್ಕಾಲು ಇಂಚು ಕಡಿಮೆ ಇಡಿ ಎಂದು ಹೇಳಿ, ಮುಂಗಡ ಕೊಡುವುದನ್ನು ಮರೆತು ಹೊರಟುಹೋದರು.